ಸೂಪರ್ ಮಾರಿಯೊ ಬ್ರದರ್ಸ್ 2: ಇಡೀ ಆಟಕ್ಕೆ ಬರ್ಡೊ ಎಂಬ ಒಂದೇ ಮಿನಿ ಬಾಸ್ ಸಾಕೇ?

ತುಂಗಾದಂಡೆ (ಚರ್ಚೆ ಆರಂಭಿಸಿದವರು):

ಓಡಿ ನೆಗೆದು ಮುಂದೆ ಸಾಗುವ ಪ್ಲಾಟ್‌ಫಾರ್ಮ್ ಗೇಮ್‌ಗಳ ಕೊನೆಯ ಬಾಸ್‌ಗಳ, ಅಂದರೆ ದೊಡ್ಡ ಶತ್ರುಗಳ ಬಗ್ಗೆ ನಾವೆಲ್ಲ ಧಾರಾಳವಾಗಿ ಮಾತನಾಡುತ್ತೇವೆ. ಲೆವೆಲ್ಲಿನ ಅಂಚಿನಲ್ಲಿ ನಿಂತು, ಮೂರು ಏಟು ತಿಂದು, ದಾರಿ ಬಿಟ್ಟುಕೊಡುವ ಮಿನಿ ಬಾಸ್‌ಗಳಿಗೆ ಮಾತ್ರ ಅಷ್ಟು ಗಮನ ಸಿಗುವುದಿಲ್ಲ. ಆಟಗಾರರು ಅತಿ ಹೆಚ್ಚು ಸಲ ಎದುರಿಸುವುದು ಅವರನ್ನೇ ಆದ್ದರಿಂದ, ಆಟದ ಗುಣ ನಿಜವಾಗಿ ತಿಳಿಯುವುದು ಆ ಚಿಕ್ಕ ಕಾಳಗಗಳಲ್ಲಿ ಎಂದು ನಾನು ನಂಬಿದ್ದೇನೆ. ಈ ಮಾತಿಗೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ 1988ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಸೂಪರ್ ಮಾರಿಯೊ ಬ್ರದರ್ಸ್ 2ರ ಬರ್ಡೊ.

ಆಡದೇ ಇರುವವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಈ ಆಟದಲ್ಲಿ ಶತ್ರುವಿನ ತಲೆಯ ಮೇಲೆ ಹಾರಿದರೆ ಅದು ಸಾಯುವುದಿಲ್ಲ, ನೀವು ಅದರ ಬೆನ್ನೇರಿ ನಿಲ್ಲುತ್ತೀರಿ ಅಷ್ಟೆ. ಬಿ ಬಟನ್ ಒತ್ತಿದರೆ ಅದನ್ನು ಎತ್ತಿಕೊಳ್ಳಬಹುದು, ಮತ್ತೊಮ್ಮೆ ಒತ್ತಿದರೆ ಎಸೆಯಬಹುದು. ನೆಲದಿಂದ ತರಕಾರಿ ಕಿತ್ತು ಎಸೆಯುವುದೂ ಇದೇ ಬಟನ್ನಿನಿಂದ. ಇಡೀ ಆಟ ಎತ್ತುವುದು ಮತ್ತು ಎಸೆಯುವುದು ಎಂಬ ಎರಡು ಕ್ರಿಯೆಗಳ ಮೇಲೆ ನಿಂತಿದೆ. ಲೆವೆಲ್ ಮುಗಿಸುವ ಹೊತ್ತಿಗೆ ಗುಲಾಬಿ ಬಣ್ಣದ, ತಲೆಗೆ ರಿಬ್ಬನ್ ಕಟ್ಟಿದ, ಕೊಳವೆಯಂಥ ಬಾಯಿಯ ಬರ್ಡೊ ಎದುರಾಗುತ್ತಾಳೆ. ಅತ್ತಿಂದಿತ್ತ ನಡೆಯುತ್ತಾಳೆ, ಆಗಾಗ ಕುಪ್ಪಳಿಸುತ್ತಾಳೆ, ನಿಂತು ಬಾಯಿಂದ ಮೊಟ್ಟೆ ಉಗುಳುತ್ತಾಳೆ. ಮೊಟ್ಟೆ ನೆಲಕ್ಕೆ ಸಮಾಂತರವಾಗಿ ಹಾರಿ ಬರುತ್ತದೆ. ಮುಖಕ್ಕೆ ತಗುಲಿದರೆ ಒಂದು ಪ್ರಾಣಾಂಶ ಹೋಗುತ್ತದೆ. ನೆಗೆದು ಅದರ ಮೇಲೆ ನಿಂತರೆ ಅದೇ ಮೊಟ್ಟೆ ನಿಮ್ಮ ಕೈಗೆ ಸಿಗುತ್ತದೆ. ತಿರುಗಿಸಿ ಎಸೆದು ಮೂರು ಸಲ ಹೊಡೆದರೆ ಅವಳು ಸೋಲುತ್ತಾಳೆ, ಒಂದು ಸ್ಫಟಿಕದ ಗೋಳ ಉಳಿಯುತ್ತದೆ, ಅದನ್ನು ಎತ್ತಿಕೊಂಡಾಗ ಗೋಡೆಯಲ್ಲಿರುವ ಹದ್ದಿನ ಮುಖದ ಬಾಗಿಲು ಬಾಯಿ ತೆರೆಯುತ್ತದೆ.

ನನ್ನ ವಾದ ಇಷ್ಟು. ಬರ್ಡೊಳನ್ನು ಸೋಲಿಸಲು ಅಗತ್ಯವಾದ ಆಯುಧವನ್ನು ಬರ್ಡೊಳೇ ಒದಗಿಸುತ್ತಾಳೆ, ಮತ್ತು ಅವಳು ದಾಳಿ ಮಾಡಿದಾಗ ಮಾತ್ರ ಒದಗಿಸುತ್ತಾಳೆ. ಆದ್ದರಿಂದ ದೂರದಲ್ಲಿ ಅವಿತು ಕೂರುವವರಿಗೆ ಇಲ್ಲಿ ಗೆಲುವಿಲ್ಲ. ಅಪಾಯದ ದಾರಿಗೆ ಅಡ್ಡ ಬಂದವರಿಗೆ ಮಾತ್ರ ಅವಕಾಶ ಸಿಗುತ್ತದೆ. ಒಂದೇ ವಸ್ತು ಅಪಾಯವೂ ಮೆಟ್ಟಿಲೂ ಆಯುಧವೂ ಆಗಿರುವ ಇಷ್ಟು ಚೊಕ್ಕ ಕಾಳಗವನ್ನು ಆ ಕಾಲದ ಬೇರೆ ಪ್ಲಾಟ್‌ಫಾರ್ಮ್ ಗೇಮ್‌ಗಳಲ್ಲಿ ನಾನು ಕಂಡಿಲ್ಲ. ಆಟದುದ್ದಕ್ಕೂ ಅವಳನ್ನೇ ಮತ್ತೆ ಮತ್ತೆ ತಂದಿರುವುದು ಸೋಮಾರಿತನವೆಂದು ಹಲವರು ಹೇಳುತ್ತಾರೆ. ಅದು ಸರಿಯೇ ಎಂಬುದನ್ನು ಇಲ್ಲಿ ಚರ್ಚಿಸೋಣ.

ಕೋಟೆಬಾಗಿಲು:

ವಿಷಯ ತುಂಬಾ ಚೆನ್ನಾಗಿದೆ, ಆದರೆ ನಿಮ್ಮ ತೀರ್ಮಾನವನ್ನು ನಾನು ಒಪ್ಪಲಾರೆ. ಮಾರಿಯೊ ಆಟಗಳ ಮಿನಿ ಬಾಸ್ ಎಂದರೆ ನನ್ನ ಮತ ಸೂಪರ್ ಮಾರಿಯೊ ಬ್ರದರ್ಸ್ 3ರ ಬೂಮ್ ಬೂಮ್‌ಗೆ. ಅವನು ಕೋಟೆಗಳ ಕೊನೆಯ ಕೋಣೆಯಲ್ಲಿ ಕೈ ಬೀಸುತ್ತಾ ಓಡಿ ಬರುತ್ತಾನೆ, ತಲೆಯ ಮೇಲೆ ಮೂರು ಸಲ ತುಳಿದರೆ ಸೋಲುತ್ತಾನೆ. ಕೆಲವು ಕೋಟೆಗಳಲ್ಲಿ ಮೊದಲ ಏಟು ಬಿದ್ದ ಮೇಲೆ ಅವನಿಗೆ ರೆಕ್ಕೆ ಮೂಡಿ, ಮೇಲಿನಿಂದ ಎರಗುತ್ತಾನೆ. ತುಳಿಯುವುದು ಆ ಆಟದ ಮೂಲ ಕ್ರಿಯೆ. ಎತ್ತಿ ಎಸೆಯುವ ಆಟಕ್ಕೆ ಎತ್ತಿ ಎಸೆಯುವ ಮಿನಿ ಬಾಸ್ ಒಪ್ಪುವುದಾದರೆ, ತುಳಿಯುವ ಆಟಕ್ಕೆ ತುಳಿಯುವ ಮಿನಿ ಬಾಸ್ ಕೂಡ ಅಷ್ಟೇ ಒಪ್ಪುತ್ತಾನೆ.

ಇದಕ್ಕಿಂತ ಮುಖ್ಯವಾದದ್ದು ಗೆದ್ದ ಮೇಲೆ ಏನಾಗುತ್ತದೆ ಎಂಬುದು. ಬೂಮ್ ಬೂಮ್ ಸೋತ ಕೂಡಲೇ ನಕಾಶೆಯ ಮೇಲಿನ ಕೋಟೆ ಕುಸಿಯುತ್ತದೆ, ಎಲ್ಲೋ ಒಂದು ಬೀಗ ಒಡೆದು ಹೊಸ ದಾರಿ ತೆರೆಯುತ್ತದೆ. ಎಲ್ಲ ಜೀವಗಳೂ ಮುಗಿದು ಆಟವನ್ನು ಮುಂದುವರಿಸಿದಾಗ ಸಾಮಾನ್ಯ ಲೆವೆಲ್‌ಗಳು ಮತ್ತೆ ಎದ್ದು ನಿಲ್ಲುತ್ತವೆ, ಆದರೆ ಬಿದ್ದ ಕೋಟೆ ಬಿದ್ದೇ ಇರುತ್ತದೆ, ಒಡೆದ ಬೀಗವೂ ಒಡೆದೇ ಇರುತ್ತದೆ. ಅಂದರೆ ಆ ಮಿನಿ ಬಾಸ್‌ನನ್ನು ಗೆದ್ದದ್ದಕ್ಕೆ ಶಾಶ್ವತವಾದ ಬೆಲೆಯಿದೆ. ಬರ್ಡೊ ಹಾಗಲ್ಲ. ಎರಡನೆಯ ಆಟದಲ್ಲಿ ಮುಂದುವರಿಸಲು ಸಿಗುವುದು 2 ಅವಕಾಶಗಳು ಮಾತ್ರ, ಅದೂ ಆ ವರ್ಲ್ಡಿನ (ಕೆಲವು ಲೆವೆಲ್‌ಗಳ ಗುಂಪಿನ) ಮೊದಲ ಲೆವೆಲ್ಲಿನಿಂದ. ನಿನ್ನೆ ಸೋಲಿಸಿದ ಬರ್ಡೊಳನ್ನು ಇವತ್ತು ಮತ್ತೆ ಸೋಲಿಸಬೇಕು. ಅವಳ ಸೋಲಿಗೆ ಆಟದ ಲೋಕದಲ್ಲಿ ಗುರುತೇ ಉಳಿಯುವುದಿಲ್ಲ.

ತುಂಗಾದಂಡೆ:

ನಕಾಶೆಯ ವಿಷಯದಲ್ಲಿ ನೀವು ಹೇಳಿದ್ದು ತೂಕದ ಮಾತು. ಬೂಮ್ ಬೂಮ್ ಇರುವ ಕೋಟೆಗೆ ನಕಾಶೆಯಲ್ಲಿ ಸ್ಥಾನವಿದೆ, ಬರ್ಡೊಳಿಗೆ ನಕಾಶೆಯೇ ಇಲ್ಲ. ಆದರೆ ಅದು ಕಾಳಗದ ಸುತ್ತಲಿನ ವ್ಯವಸ್ಥೆಯ ಗುಣ, ಕಾಳಗದ ಒಳಗಿನ ಗುಣವನ್ನು ಬೇರೆಯಾಗಿ ನೋಡಬೇಕು. ಬೂಮ್ ಬೂಮ್ ಕೋಣೆಗೆ ಬೆಂಕಿ ಉಗುಳುವ ಶಕ್ತಿ ಹೊತ್ತುಕೊಂಡು ಹೋದರೆ, ದೂರದಲ್ಲಿ ನಿಂತು ಬೆಂಕಿಯುಂಡೆಗಳಿಂದಲೇ ಅವನನ್ನು ಮುಗಿಸಬಹುದು, ಅವನ ಚಲನೆಯನ್ನು ಓದುವ ಅಗತ್ಯವೇ ಬೀಳುವುದಿಲ್ಲ. ಬರ್ಡೊಳ ಮುಂದೆ ಹೊರಗಿನಿಂದ ತಂದ ಶಕ್ತಿ ಕೆಲಸಕ್ಕೆ ಬರುವುದಿಲ್ಲ. ಎಲ್ಲರೂ ಅವಳ ಮೊಟ್ಟೆಗಾಗಿ ಕಾಯಲೇಬೇಕು.

ಕೋಟೆಬಾಗಿಲು:

ಶಕ್ತಿಯನ್ನು ಕಾಪಾಡಿಕೊಂಡು ಕೋಣೆಯವರೆಗೆ ಬಂದವರಿಗೆ ಆ ಸೌಲಭ್ಯ ಸಿಗುವುದು ನ್ಯಾಯವೇ ಅಲ್ಲವೇ? ಕೋಟೆಯ ಮುಳ್ಳು, ಬೆಂಕಿ, ಬೀಳುವ ಕಲ್ಲುಗಳನ್ನು ದಾಟಿ ಏಟು ತಿನ್ನದೆ ಬಂದದ್ದಕ್ಕೆ ಅದು ಬಹುಮಾನ. ಇಡೀ ಲೆವೆಲ್ಲನ್ನು ಮಿನಿ ಬಾಸ್‌ಗೆ ಜೋಡಿಸುವ ಎಳೆ ಅದೇ.

ಬೆಳ್ಳಿಚುಕ್ಕಿ:

ನಾನು ಈ ಆಟವನ್ನು ಇತ್ತೀಚೆಗೆ ನಿಂಟೆಂಡೊ ಸ್ವಿಚ್ ಆನ್‌ಲೈನ್‌ನ ಹಳೆಯ ಆಟಗಳ ಸಂಗ್ರಹದಲ್ಲಿ ಆಡತೊಡಗಿದ್ದೇನೆ. ಮೊದಲ ಬರ್ಡೊ ಸುಲಭವಾಗಿ ಸೋತಳು. ಆಮೇಲೆ ಕೆಂಪು ಬಣ್ಣದವಳು ಬಂದಳು, ಅವಳು ಮೊಟ್ಟೆಯ ಜೊತೆ ಬೆಂಕಿಯನ್ನೂ ಉಗುಳುತ್ತಾಳೆ. ಮೊಟ್ಟೆಯೆಂದು ನೆಗೆದರೆ ಬೆಂಕಿ ಬಂದಿರುತ್ತದೆ, ಬೆಂಕಿಯೆಂದು ತಪ್ಪಿಸಿಕೊಂಡರೆ ಮೊಟ್ಟೆ ಹಾರಿ ಹೋಗಿರುತ್ತದೆ. ಇದಕ್ಕೆ ಏನಾದರೂ ಕ್ರಮವಿದೆಯೇ, ಅಥವಾ ಅದೃಷ್ಟದ ಮೇಲೆ ಬಿಡಬೇಕೇ? ದಯವಿಟ್ಟು ತಿಳಿದವರು ಹೇಳಿ.

ತುಂಗಾದಂಡೆ:

ಬೆಳ್ಳಿಚುಕ್ಕಿ ಅವರೇ, ದೂರವೇ ಇದಕ್ಕೆ ಉತ್ತರ. ಹೆಚ್ಚಿನವರು ಎಸೆಯಲು ಅನುಕೂಲವಾಗಲೆಂದು ಬರ್ಡೊಳ ಹತ್ತಿರ ನಿಲ್ಲುತ್ತಾರೆ, ಆಗ ಬಾಯಿಂದ ಹೊರಟದ್ದು ಏನೆಂದು ನೋಡುವಷ್ಟರಲ್ಲಿ ಅದು ಮೈಮೇಲೆ ಬಂದಿರುತ್ತದೆ. ಕೋಣೆಯಲ್ಲಿ ಜಾಗವಿರುವಷ್ಟು ಹಿಂದೆ ಸರಿದು ನಿಲ್ಲಿ. ಬಾಯಿಂದ ಹೊರಟ ವಸ್ತುವನ್ನು ಮೊದಲು ಗುರುತಿಸಿ, ಆಮೇಲೆ ನೆಗೆಯಿರಿ. ಬೆಂಕಿಯಾದರೆ ಅದರ ಮೇಲಿಂದ ಹಾರಿ ಹಿಂದಕ್ಕೆ ಬಿಟ್ಟುಬಿಡಿ, ಅದರ ಮೇಲೆ ನಿಲ್ಲಲೂ ಆಗದು, ಅದನ್ನು ಹಿಡಿಯಲೂ ಆಗದು. ಮೊಟ್ಟೆಯಾದರೆ ಸ್ವಲ್ಪ ಮುಂಚಿತವಾಗಿ ನೆಗೆದು, ಅದು ನಿಮ್ಮ ಕಾಲ ಕೆಳಗೆ ಬರುವಂತೆ ಇಳಿಯಿರಿ. ಮೇಲೆ ನಿಂತ ಮೇಲೆ ಅದರ ಜೊತೆಯಲ್ಲಿ ನೀವೂ ಸಾಗುತ್ತಿರುತ್ತೀರಿ, ಹಾಗಾಗಿ ಹಿಂದಿನ ಗೋಡೆ ಅಥವಾ ಗುಂಡಿ ಬರುವ ಮುಂಚೆ ಬಟನ್ ಒತ್ತಬೇಕು.

ನಿಮ್ಮ ಪ್ರಶ್ನೆಯಿಂದ ನನ್ನ ವಾದಕ್ಕೂ ಬಲ ಬಂತು. ಗುಲಾಬಿ ಬರ್ಡೊ ಆಟಗಾರನಿಗೆ ಕಲಿಸಿದ್ದು ಮೊಟ್ಟೆ ಬಂದಾಗ ನೆಗೆ ಎಂಬ ಅಭ್ಯಾಸವನ್ನು. ಕೆಂಪು ಬರ್ಡೊ ಕೇಳುವುದು ಬಂದದ್ದು ಏನೆಂದು ನೋಡಿ ನಿರ್ಧರಿಸುವ ಜಾಗರೂಕತೆಯನ್ನು. ಮೊದಲಿನ ಅಭ್ಯಾಸ ಇಲ್ಲದೆ ಹೋಗಿದ್ದರೆ ಎರಡನೆಯದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಪುನರಾವರ್ತನೆ ಇಲ್ಲಿ ಪಾಠದ ಭಾಗ.

ಎಂಟುಬಿಟ್ ಎಂಜಿನಿಯರ್:

ಹಸಿರು ಬರ್ಡೊಳ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ತುಂಗಾದಂಡೆಯವರ ಮೂಲ ವಾದ ಅಲ್ಲಿಗೆ ಬಂದಾಗ ಬೇರೆ ತಿರುವು ಪಡೆಯುತ್ತದೆ. ಹಸಿರು ಬರ್ಡೊ ಮೊಟ್ಟೆಯನ್ನೇ ಉಗುಳುವುದಿಲ್ಲ, ಬರೀ ಬೆಂಕಿ. ಆಯುಧ ಅವಳಿಂದ ಸಿಗುವುದಿಲ್ಲವಾದ್ದರಿಂದ ಕೋಣೆಯಲ್ಲಿ ಎತ್ತಬಹುದಾದ ಅಣಬೆ ಬ್ಲಾಕುಗಳನ್ನು ಇಟ್ಟಿರುತ್ತಾರೆ. ಅವುಗಳನ್ನು ಎತ್ತಿ ಹೊಡೆಯಬೇಕು, ಗುರಿ ತಪ್ಪಿದರೆ ಬ್ಲಾಕು ಬಿದ್ದಲ್ಲಿಗೆ ಹೋಗಿ ಮತ್ತೆ ತರಬೇಕು, ಅದು ಬರ್ಡೊಳ ಆಚೆ ಬದಿಗೆ ಬಿದ್ದಿದ್ದರೆ ಅವಳನ್ನು ದಾಟಿಯೇ ಹೋಗಬೇಕು. ಮೊಟ್ಟೆಯ ಕಾಳಗದಲ್ಲಿ ಆಟಗಾರ ಕಾಯುತ್ತಾನೆ, ಬರ್ಡೊ ವೇಗವನ್ನು ನಿರ್ಧರಿಸುತ್ತಾಳೆ. ಬ್ಲಾಕುಗಳ ಕಾಳಗದಲ್ಲಿ ವೇಗ ಆಟಗಾರನ ಕೈಗೆ ಬರುತ್ತದೆ, ಆದರೆ ನೆಲದ ಮೇಲಿನ ಓಡಾಟವೆಲ್ಲ ಅವನ ಹೊಣೆಯಾಗುತ್ತದೆ. ಬಣ್ಣ ಮತ್ತು ಉಗುಳುವ ವಸ್ತುವನ್ನು ಬದಲಾಯಿಸಿದ್ದರಿಂದಲೇ ಇಷ್ಟು ವ್ಯತ್ಯಾಸವಾಗಿದೆ. ಅದೇ ದೇಹ, ಅದೇ ನಡಿಗೆ, ಅದೇ ಮೂರು ಏಟು.

ಇದರ ಹಿಂದೆ ಜಾಗದ ಲೆಕ್ಕವೂ ಇದೆ. ಈ ಆಟದ ಕಾರ್ಟ್ರಿಡ್ಜ್ (ಆಟ ತುಂಬಿದ ಕ್ಯಾಸೆಟ್) ಒಟ್ಟು 256 ಕಿಲೋಬೈಟ್: ಪ್ರೋಗ್ರಾಂಗೆ 128, ಚಿತ್ರಗಳಿಗೆ 128. ಮೌಸರ್, ಟ್ರೈಕ್ಲೈಡ್, ಫ್ರೈಗೈ, ಕ್ಲಾಗ್ರಿಪ್, ವಾರ್ಟ್ ಎಂಬ ದೊಡ್ಡ ಬಾಸ್‌ಗಳಿಗೆ ಬೇರೆ ಬೇರೆ ಚಿತ್ರಗಳು ಬೇಕು, 4 ನಾಯಕ ಪಾತ್ರಗಳಿಗೂ ಬೇಕು, ಮರಳುಗಾಡು, ಹಿಮ, ಮೋಡಗಳ ಹಿನ್ನೆಲೆಗಳಿಗೂ ಬೇಕು. 20 ಲೆವೆಲ್‌ಗಳಿಗೆ ಹೊಸ ಹೊಸ ಮಿನಿ ಬಾಸ್ ಮಾಡುವುದು ಆ ಕಾಲದಲ್ಲಿ ಆಗದ ಮಾತಾಗಿತ್ತು. ಮಿತಿಯೊಳಗೆ ಅವರು ಆರಿಸಿಕೊಂಡ ದಾರಿ ಒಳ್ಳೆಯದಾಗಿತ್ತು ಎಂಬುದು ನನ್ನ ಅಭಿಪ್ರಾಯ, ಆದರೆ ಮಿತಿ ಇದ್ದದ್ದನ್ನು ಮರೆತು ಎಲ್ಲವನ್ನೂ ಕಲೆಯ ಆಯ್ಕೆಯೆಂದು ಹೊಗಳುವುದೂ ಸರಿಯಲ್ಲ.

ಕೋಟೆಬಾಗಿಲು:

ಎಂಟುಬಿಟ್ ಎಂಜಿನಿಯರ್ ಅವರ ಕೊನೆಯ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಮೂರನೆಯ ಆಟದ ಕಾರ್ಟ್ರಿಡ್ಜ್ 384 ಕಿಲೋಬೈಟ್ ಇದ್ದರೂ ಅಲ್ಲಿಯೂ ಕೋಟೆಗಳಿಗೆಲ್ಲ ಒಬ್ಬನೇ ಬೂಮ್ ಬೂಮ್. ಆದ್ದರಿಂದ ಪುನರಾವರ್ತನೆಯ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಇರುವುದು ಬರ್ಡೊಳ ಕಾಳಗದಲ್ಲಿ ಕಾಯುವ ಹೊತ್ತು ಹೆಚ್ಚು ಎಂಬುದರ ಬಗ್ಗೆ. ಕೆಂಪು ಬರ್ಡೊ ಒಂದರ ಮೇಲೊಂದು ಬೆಂಕಿಯನ್ನೇ ಉಗುಳುತ್ತಾ ಹೋದರೆ, ನಾನು ಸುಮ್ಮನೆ ನೆಗೆಯುತ್ತಾ ನಿಲ್ಲಬೇಕು. ಆಟಗಾರನ ಕೌಶಲಕ್ಕೆ ಅಲ್ಲಿ ಏನು ಕೆಲಸ? ಮೊದಲ ವರ್ಲ್ಡಿನಲ್ಲಿ ಇದು ಹಿತವಾಗಿದ್ದರೂ ಆರನೆಯ ವರ್ಲ್ಡಿನ ಹೊತ್ತಿಗೆ ಬೇಸರ ತರಿಸುತ್ತದೆ. ಬೂಮ್ ಬೂಮ್‌ನನ್ನು ಕೈ ಪಳಗಿದವರು ಕ್ಷಣಗಳಲ್ಲಿ ಮುಗಿಸುತ್ತಾರೆ, ಕಲಿತದ್ದಕ್ಕೆ ತಕ್ಷಣ ಫಲ ಸಿಗುತ್ತದೆ.

ತುಂಗಾದಂಡೆ:

ಇದು ಬರ್ಡೊಳ ನಿಜವಾದ ದೌರ್ಬಲ್ಯ, ಅದನ್ನು ಮುಚ್ಚಿಡಲು ನಾನು ಬಯಸುವುದಿಲ್ಲ. ಆಯುಧವನ್ನು ಶತ್ರುವಿನ ಕೈಗೆ ಕೊಟ್ಟ ಮೇಲೆ ಕಾಳಗದ ಉದ್ದವೂ ಶತ್ರುವಿನ ಕೈಗೆ ಹೋಗುತ್ತದೆ. ಆದರೆ ಒಂದು ಕೋಣೆಯಲ್ಲಿ ಕಾಯುವುದು ಬೇಸರವೇ, ಇನ್ನೊಂದರಲ್ಲಿ ಉದ್ವೇಗವೇ ಎಂಬುದನ್ನು ನೆಲ ನಿರ್ಧರಿಸುತ್ತದೆ ಎಂದು ನನಗೆ ಅನಿಸುತ್ತದೆ. ಸಮತಟ್ಟಾದ ನೆಲದಲ್ಲಿ ಕಾಯುವುದು ಬರೀ ಕಾಯುವಿಕೆ. ನಿಲ್ಲುವ ಜಾಗ ಚಿಕ್ಕದಾಗಿ, ಬೆನ್ನ ಹಿಂದೆ ಗುಂಡಿಯಿದ್ದರೆ ಪ್ರತಿಯೊಂದು ನೆಗೆತವೂ ಲೆಕ್ಕಕ್ಕೆ ಬರುತ್ತದೆ.

ಹಳೇ ಕ್ಯಾಸೆಟ್:

ಚರ್ಚೆಯನ್ನು ಮೊದಲಿನಿಂದ ಓದುತ್ತಾ ಬಂದೆ. 4-3ರ, ಅಂದರೆ ನಾಲ್ಕನೆಯ ವರ್ಲ್ಡಿನ ಮೂರನೆಯ ಲೆವೆಲ್ಲಿನ, ಆರಂಭವನ್ನು ಯಾರೂ ಹೇಳದೇ ಇದ್ದುದರಿಂದ ಬರೆಯುತ್ತಿದ್ದೇನೆ. ಹಿಮದ ವರ್ಲ್ಡಿನ ಆ ಲೆವೆಲ್ಲಿನಲ್ಲಿ ಮುಂದೆ ಅಗಲವಾದ ನೀರು, ದಾಟಲು ಸೇತುವೆಯಿಲ್ಲ, ಅಲ್ಲಿ ಇರುವವಳು ಬರ್ಡೊ ಒಬ್ಬಳೇ. ಅವಳು ಉಗುಳಿದ ಮೊಟ್ಟೆಯ ಮೇಲೆ ಹಾರಿ ನಿಂತು, ಅದನ್ನೇ ದೋಣಿ ಮಾಡಿಕೊಂಡು ನೀರನ್ನು ದಾಟಬೇಕು. ಅಲ್ಲಿಯವರೆಗೆ ಶತ್ರುವೆಂದು ತಿಳಿದಿದ್ದವಳು ಇಲ್ಲಿ ನಿಮ್ಮ ಸಾರಿಗೆಯಾಗುತ್ತಾಳೆ. ಅವಳನ್ನು ಸೋಲಿಸುವ ಆತುರದಲ್ಲಿದ್ದವರಿಗೆ ದಾರಿ ಕಾಣುವುದಿಲ್ಲ. ಮಿನಿ ಬಾಸ್‌ನನ್ನು ಲೆವೆಲ್ಲಿನ ಅಂಗವಾಗಿಯೇ ಬಳಸಿಕೊಂಡಿರುವ ಇಂಥ ಜಾಗ ಮೂರನೆಯ ಆಟದಲ್ಲಿ ಎಲ್ಲಿದೆ ಎಂದು ಕೋಟೆಬಾಗಿಲು ಅವರನ್ನು ಕೇಳಬೇಕಾಗಿದೆ. ಬೂಮ್ ಬೂಮ್ ಯಾವಾಗಲೂ ಕೊನೆಯ ಕೋಣೆಯಲ್ಲೇ ಇರುತ್ತಾನೆ.

ನಮ್ಮ ಕಡೆಯ ಹಳೆಯ ಆಟಗಾರರಲ್ಲಿ ಬಹಳಷ್ಟು ಜನಕ್ಕೆ ಬರ್ಡೊ ಪರಿಚಯವೇ ಇಲ್ಲದಿರುವುದಕ್ಕೂ ಒಂದು ಕಾರಣವನ್ನು ಹೇಳಬಹುದು. ತೊಂಬತ್ತರ ದಶಕದಲ್ಲಿ ಇಲ್ಲಿ ಮಾರುತ್ತಿದ್ದ ನಕಲು ಟಿವಿ ಗೇಮ್‌ಗಳ ಜೊತೆ ಬರುತ್ತಿದ್ದ, ಒಂದರಲ್ಲೇ ನೂರಾರು ಆಟ ಎಂದು ಬರೆದುಕೊಂಡಿದ್ದ ಕ್ಯಾಸೆಟ್‌ಗಳಲ್ಲಿ ಮೊದಲನೆಯ ಮಾರಿಯೊ ತಪ್ಪದೆ ಇರುತ್ತಿತ್ತು. ಎರಡನೆಯದು ನನ್ನ ಕಣ್ಣಿಗೆ ಬಿದ್ದದ್ದು ಬಹಳ ವರ್ಷಗಳ ನಂತರ, ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರಿನಲ್ಲಿ.

ಎಂಟುಬಿಟ್ ಎಂಜಿನಿಯರ್:

ಹಳೇ ಕ್ಯಾಸೆಟ್ ಅವರು ಗಮನಿಸಿದ್ದಕ್ಕೆ ತಾಂತ್ರಿಕ ಕಾರಣವಿದೆ. ಮೊದಲನೆಯ ಮಾರಿಯೊ ಕೇವಲ 40 ಕಿಲೋಬೈಟ್, ಅದಕ್ಕೆ ವಿಶೇಷ ಚಿಪ್ ಏನೂ ಬೇಡ. ಅಂಥ ಚಿಕ್ಕ ಆಟಗಳನ್ನು ಒಂದೇ ಬೋರ್ಡಿನಲ್ಲಿ ಹಲವು ತುಂಬಿಸುವುದು ಅಗ್ಗವಾಗಿತ್ತು. ಎರಡನೆಯದಕ್ಕೆ ಆರು ಪಟ್ಟಿಗಿಂತ ಹೆಚ್ಚು ಜಾಗ ಬೇಕು, ಜೊತೆಗೆ ಮೆಮೊರಿಯ ಭಾಗಗಳನ್ನು ಅದಲುಬದಲು ಮಾಡುವ ಎಂಎಂಸಿ3 ಎಂಬ ಚಿಪ್ ಕೂಡ ಬೇಕು. ಅಗ್ಗದ ಕ್ಯಾಸೆಟ್ ಮಾಡುವವರಿಗೆ ಇದು ದುಬಾರಿಯ ವ್ಯವಹಾರ.

ಕೆಂಪುಮಣ್ಣು:

ನಾನು ಬೇರೆ ಕಡೆಯಿಂದ ಒಂದು ವಿಷಯ ಸೇರಿಸುತ್ತೇನೆ. ಈ ಆಟ ಮೂಲದಲ್ಲಿ ಮಾರಿಯೊ ಆಟವಾಗಿರಲಿಲ್ಲ ಎಂಬುದು ಹಲವರಿಗೆ ಗೊತ್ತಿರಬಹುದು. ಜಪಾನಿನಲ್ಲಿ 1987ರ ಜುಲೈನಲ್ಲಿ ಫ್ಯಾಮಿಕಾಂ ಡಿಸ್ಕ್ ಸಿಸ್ಟಮ್‌ಗಾಗಿ (ನಿಂಟೆಂಡೊದ ಗೇಮ್ ಯಂತ್ರಕ್ಕೆ ಜೋಡಿಸುವ ಡಿಸ್ಕ್ ಸಾಧನ) ಬಂದ ಡೋಕಿ ಡೋಕಿ ಪ್ಯಾನಿಕ್ ಎಂಬ ಆಟವನ್ನೇ ಬದಲಾಯಿಸಿ ಹೊರಗಿನ ದೇಶಗಳಿಗೆ ಮಾರಿಯೊ 2 ಎಂದು ಕೊಟ್ಟರು. ಅದನ್ನು ಫುಜಿ ಟೆಲಿವಿಷನ್ನಿನ ಒಂದು ಉತ್ಸವದ ಪ್ರಚಾರಕ್ಕಾಗಿ ಮಾಡಲಾಗಿತ್ತು, ನಿರ್ದೇಶಕರು ಕೆನ್ಸುಕೆ ತನಾಬೆ. ಬರ್ಡೊ ಆಗಲೇ ಅದರಲ್ಲಿದ್ದಳು. ಆದರೆ ಅಲ್ಲಿ ಒಂದು ವ್ಯತ್ಯಾಸವಿತ್ತು: ಆಟದ ನಿಜವಾದ ಮುಕ್ತಾಯವನ್ನು ನೋಡಬೇಕಾದರೆ ಇಮಾಜಿನ್, ಲೀನಾ, ಅಪ್ಪ, ಅಮ್ಮ ಎಂಬ 4 ಪಾತ್ರಗಳಿಂದಲೂ ಪ್ರತ್ಯೇಕವಾಗಿ ಆಟ ಮುಗಿಸಬೇಕಿತ್ತು. ಬಟನ್ ಒತ್ತಿ ಹಿಡಿದು ವೇಗವಾಗಿ ಓಡುವ ಸೌಲಭ್ಯವೂ ಇರಲಿಲ್ಲ, ಅದನ್ನು ಮಾರಿಯೊ ಆವೃತ್ತಿಯಲ್ಲಿ ಸೇರಿಸಿದರು.

ಹಾಗಾಗಿ ಬರ್ಡೊಳ ಪ್ರತಿಯೊಂದು ಕೋಣೆಯೂ ನಾಲ್ಕು ಬಗೆಯ ಮೈಕಟ್ಟಿನವರಿಗೆ ಒಗ್ಗುವಂತೆ ಇರಲೇಬೇಕಿತ್ತು. ಮಾರಿಯೊ ಆವೃತ್ತಿಯಲ್ಲಿ ಆ ಸ್ಥಾನಗಳಿಗೆ ಮಾರಿಯೊ, ಪೀಚ್, ಟೋಡ್, ಲುಯಿಜಿ ಬಂದರು. ಟೋಡ್ ಬಹಳ ಬೇಗ ಎತ್ತುತ್ತಾನೆ, ಹೊರೆ ಹೊತ್ತಾಗಲೂ ಚುರುಕಾಗಿರುತ್ತಾನೆ, ಹಸಿರು ಬರ್ಡೊಳ ಬ್ಲಾಕುಗಳ ಕೋಣೆ ಅವನಿಗೆ ಹೇಳಿ ಮಾಡಿಸಿದಂತಿದೆ. ಲುಯಿಜಿ ಎತ್ತರಕ್ಕೆ ನೆಗೆಯುತ್ತಾನೆ, ಆದರೆ ನಿಧಾನವಾಗಿ ಇಳಿಯುವುದರಿಂದ ಮೊಟ್ಟೆಯ ಮೇಲೆ ಸರಿಯಾದ ಕ್ಷಣಕ್ಕೆ ಕಾಲಿಡುವುದು ಕಷ್ಟ. ಪೀಚ್ ಗಾಳಿಯಲ್ಲಿ ಸುಮಾರು ಒಂದೂವರೆ ಸೆಕೆಂಡು ತೇಲಬಲ್ಲಳು, ಕೆಂಪು ಬರ್ಡೊಳ ಮುಂದೆ ಬಂದದ್ದು ಏನೆಂದು ಗಾಳಿಯಲ್ಲಿ ಇದ್ದುಕೊಂಡೇ ನೋಡಿ ನಿರ್ಧರಿಸಲು ಅವಳಿಗೆ ಅವಕಾಶವಿದೆ. ಎತ್ತುವುದರಲ್ಲಿ ಮಾತ್ರ ಎಲ್ಲರಿಗಿಂತ ನಿಧಾನ. ಬೆಳ್ಳಿಚುಕ್ಕಿ ಅವರು ಯಾವ ಪಾತ್ರದಿಂದ ಆಡುತ್ತಿದ್ದಾರೆ?

ಬೆಳ್ಳಿಚುಕ್ಕಿ:

ನಾನು ಲುಯಿಜಿಯಿಂದ ಆಡುತ್ತಿದ್ದೆ. ತುಂಗಾದಂಡೆಯವರು ಹೇಳಿದಂತೆ ಹಿಂದೆ ಸರಿದು ನಿಂತು, ಕೆಂಪುಮಣ್ಣು ಅವರು ಹೇಳಿದಂತೆ ಪೀಚ್‌ಳನ್ನು ಆರಿಸಿಕೊಂಡೆ. ಕೆಂಪು ಬರ್ಡೊ ಸೋತಳು. ಬೆಂಕಿ ಬಂದಾಗ ತೇಲುತ್ತಾ ಬಿಟ್ಟುಬಿಟ್ಟೆ, ಮೊಟ್ಟೆ ಬಂದಾಗ ತೇಲುವುದನ್ನು ನಿಲ್ಲಿಸಿ ಅದರ ಮೇಲೆ ಇಳಿದೆ. ಎಲ್ಲರಿಗೂ ಧನ್ಯವಾದಗಳು. ಇನ್ನೊಂದು ಚಿಕ್ಕ ಸಂದೇಹ: ಇಲ್ಲಿ ಎಲ್ಲರೂ ಬರ್ಡೊಳನ್ನು ಅವಳು ಎನ್ನುತ್ತಿದ್ದೀರಿ, ಬೇರೆ ಕಡೆ ಬೇರೆ ರೀತಿ ಓದಿದ ನೆನಪು.

ಕೆಂಪುಮಣ್ಣು:

ಮಾರಿಯೊ 2ರ ಮೊದಲ ಅಮೆರಿಕನ್ ಕೈಪಿಡಿ ಬರ್ಡೊಳನ್ನು, ತಾನು ಹುಡುಗಿ ಎಂದುಕೊಂಡಿರುವ ಗಂಡು ಎಂದು ಪರಿಚಯಿಸಿತ್ತು. ಮುಂದೆ ಬಂದ ಹಲವು ಆಟಗಳು ಅವಳನ್ನು ಹೆಣ್ಣಾಗಿಯೇ ನಡೆಸಿಕೊಂಡಿವೆ. 2000ದ ಮಾರಿಯೊ ಟೆನಿಸ್‌ನಲ್ಲಿ ನಾವೇ ಆಡಬಹುದಾದ ಪಾತ್ರವಾದಳು, 2003ರ ಮಾರಿಯೊ ಕಾರ್ಟ್ ಡಬಲ್ ಡ್ಯಾಶ್‌ನಲ್ಲಿ ಮಾರಿಯೊ ಆಟಗಳ ಡೈನೊಸಾರ್ ಯೋಶಿಯ ಜೊತೆಗಾತಿಯಾಗಿ ಗಾಡಿ ಓಡಿಸಿದಳು. ತನ್ನನ್ನು ಹೇಗೆ ಕರೆಯಬೇಕೆಂದು ಬರ್ಡೊ ಬಯಸುತ್ತಾಳೋ ಹಾಗೆಯೇ ನಾನೂ ಕರೆಯುತ್ತೇನೆ. ಒಂದು ಹಳೆಯ ಆಟದ ಮಿನಿ ಬಾಸ್ ಇಷ್ಟು ಕಾಲ ಜನರ ಪ್ರೀತಿ ಉಳಿಸಿಕೊಂಡಿರುವುದು ನನಗೆ ತುಂಬಾ ಸಂತೋಷದ ವಿಷಯ.

ಅಚ್ಚುಮೊಳೆ:

ನಾನು ಬಿಡುವಿನಲ್ಲಿ ಒಂದು ಚಿಕ್ಕ ಪ್ಲಾಟ್‌ಫಾರ್ಮ್ ಗೇಮ್ ಮಾಡುತ್ತಿದ್ದೇನೆ, ಅದಕ್ಕೊಂದು ಮಿನಿ ಬಾಸ್ ಬೇಕಾಗಿದೆ. ಶತ್ರು ಎಸೆದದ್ದನ್ನು ತಿರುಗಿಸಿ ಹೊಡೆಯುವ ಕಾಳಗವನ್ನೇ ಮಾಡಲು ಹೊರಟಿದ್ದೆ. ಆದರೆ ಕೋಟೆಬಾಗಿಲು ಅವರ ಆಕ್ಷೇಪ ಓದಿದ ಮೇಲೆ ಯೋಚನೆಗೆ ಬಿದ್ದಿದ್ದೇನೆ. ಆಟಗಾರ ಸುಮ್ಮನೆ ಕಾಯುವಂತೆ ಆಗಬಾರದು, ಅದೇ ಹೊತ್ತಿಗೆ ಆಯುಧ ಶತ್ರುವಿನಿಂದಲೇ ಬರಬೇಕು. ಇದನ್ನು ಹೇಗೆ ಸಾಧಿಸಬಹುದು? ಇನ್ನೊಂದು ಪ್ರಶ್ನೆ: ಮೂರು ಏಟು ಎಂಬ ಲೆಕ್ಕಕ್ಕೆ ಏನಾದರೂ ಕಾರಣವಿದೆಯೇ?

ಕೋಟೆಬಾಗಿಲು:

ನನ್ನ ಆಕ್ಷೇಪದಿಂದ ನೀವು ಹಿಂಜರಿಯಬೇಕಾಗಿಲ್ಲ. ನಾನಾಗಿದ್ದರೆ ಒಂದು ನಿಯಮ ಹಾಕುತ್ತಿದ್ದೆ: ಹಿಡಿಯಲಾಗದ ವಸ್ತು ಸತತವಾಗಿ ಎರಡು ಸಲಕ್ಕಿಂತ ಹೆಚ್ಚು ಬರಬಾರದು, ಆಮೇಲೆ ಹಿಡಿಯಬಹುದಾದದ್ದು ಬಂದೇ ಬರಬೇಕು. ಆಟಗಾರನಿಗೆ ಅದು ಯಾದೃಚ್ಛಿಕವಾಗಿಯೇ ಕಾಣುತ್ತದೆ, ಆದರೆ ಕೈಕಟ್ಟಿ ನಿಲ್ಲುವ ಹೊತ್ತಿಗೆ ಒಂದು ಮೇರೆ ಸಿಗುತ್ತದೆ. 1990ರ ಸೂಪರ್ ಮಾರಿಯೊ ವರ್ಲ್ಡ್ ಆಟದ ಕೋಟೆಗಳಲ್ಲಿರುವ ರೆಜ್ನಾರ್‌ಗಳನ್ನೂ ನೋಡಿ. ತಿರುಗುವ ಚಕ್ರದ ನಾಲ್ಕು ತಟ್ಟೆಗಳ ಮೇಲೆ ನಿಂತು ಬೆಂಕಿ ಉಗುಳುವ ನಾಲ್ಕು ಟ್ರೈಸೆರಾಟಾಪ್ಸ್ ಡೈನೊಸಾರ್‌ಗಳು ಅವು, ತಟ್ಟೆಯನ್ನು ಕೆಳಗಿನಿಂದ ತಲೆಯಲ್ಲಿ ಗುದ್ದಿ ಬೀಳಿಸಬೇಕು. ಕಾಳಗ ಸಾಗಿದಂತೆ ನೀವು ನಿಂತಿರುವ ಸೇತುವೆಯೇ ತುಂಡುತುಂಡಾಗಿ ಕುಸಿಯುತ್ತದೆ. ಕಾಯುವಿಕೆಗೆ ಬೆಲೆ ಕಟ್ಟಿರುವ ರೀತಿ ಅದು.

ತುಂಗಾದಂಡೆ:

ಅಚ್ಚುಮೊಳೆ ಅವರೇ, ಕೋಟೆಬಾಗಿಲು ಅವರ ನಿಯಮ ಬಹಳ ಉಪಯುಕ್ತವಾದದ್ದು. ಮೂರು ಏಟಿನ ಬಗ್ಗೆ ನನ್ನ ಅನುಭವದಿಂದ ಹೇಳುತ್ತೇನೆ. ಮೊದಲನೆಯ ಏಟು ಆಟಗಾರನಿಗೆ ಉಪಾಯ ಸರಿಯೆಂದು ತೋರಿಸುತ್ತದೆ, ಅದು ಆಕಸ್ಮಿಕವಾಗಿಯೂ ಆಗಿರಬಹುದು. ಎರಡನೆಯದು ಅವನು ಬೇಕೆಂದೇ ಹೊಡೆದದ್ದು. ಮೂರನೆಯದರ ಹೊತ್ತಿಗೆ ಗೆಲುವು ಹತ್ತಿರವಿದೆ ಎಂದು ಅವನಿಗೆ ತಿಳಿದಿರುತ್ತದೆ, ಆತುರ ಹುಟ್ಟುತ್ತದೆ, ಕೈ ನಡುಗುತ್ತದೆ. ಈ ಆಟದಲ್ಲಿ ನಿಮ್ಮ ಪ್ರಾಣಾಂಶಗಳು ಆರಂಭದಲ್ಲಿ 2 ಮಾತ್ರ, ಅಣಬೆಗಳನ್ನು ಹುಡುಕಿ ತೆಗೆದರೆ 4ರವರೆಗೆ ಏರುತ್ತವೆ. ಬಾಸ್‌ಗೆ ಮೂರು, ಆಟಗಾರನಿಗೆ ಎರಡು ಎಂಬ ಅಂತರ ಚಿಕ್ಕದಾಗಿರುವುದರಿಂದಲೇ ಆ ಕೋಣೆ ಬಿಗಿಯಾಗಿ ಇರುತ್ತದೆ. ನಿಮ್ಮ ಆಟದಲ್ಲಿ ಆಟಗಾರನಿಗೆ ಹತ್ತು ಪ್ರಾಣಾಂಶ ಕೊಟ್ಟು ಬಾಸ್‌ಗೆ ಮೂರೇ ಏಟು ಇಟ್ಟರೆ ಈ ಬಿಗಿ ಬರುವುದಿಲ್ಲ.

ಹಿಡಿದ ವಸ್ತುವನ್ನು ಎಸೆದಾಗ ಗುರಿ ತಪ್ಪುವ ಸಾಧ್ಯತೆಯೂ ಇರಲಿ. ಬರ್ಡೊ ಕುಪ್ಪಳಿಸುವುದು ಅದಕ್ಕಾಗಿಯೇ, ಮೊಟ್ಟೆ ಅವಳ ಕಾಲ ಕೆಳಗೆ ಹಾದು ಹೋದಾಗ ಹಿಡಿದ ಶ್ರಮವೆಲ್ಲ ವ್ಯರ್ಥ. ಹಿಡಿಯುವುದು ಒಂದು ಪರೀಕ್ಷೆ, ಹೊಡೆಯುವುದು ಇನ್ನೊಂದು.

ಹಳೇ ಕ್ಯಾಸೆಟ್:

ಅಚ್ಚುಮೊಳೆ ಅವರು 7-2ನ್ನು ತಪ್ಪದೆ ಆಡಬೇಕೆಂದು ನನ್ನ ಕೋರಿಕೆ. ಆಟದುದ್ದಕ್ಕೂ ಬರ್ಡೊಳನ್ನು ಸೋಲಿಸು, ಗೋಳವನ್ನು ಎತ್ತಿಕೋ, ಹದ್ದಿನ ಬಾಯಿ ತೆರೆಯುತ್ತದೆ, ಒಳಗೆ ನಡೆ ಎಂಬ ಕ್ರಮವನ್ನು ನಮಗೆ ರೂಢಿ ಮಾಡಿಸಿರುತ್ತಾರೆ. ಕೊನೆಯ ಬಾಸ್ ವಾರ್ಟ್‌ನ ಕೋಣೆಗೆ ಮುಂಚೆ ಗೋಳ ಎತ್ತಿಕೊಂಡಾಗ ಆ ಹದ್ದಿನ ಮುಖವೇ ಗೋಡೆಯಿಂದ ಕಳಚಿಕೊಂಡು ನಮ್ಮ ಮೇಲೆ ಎರಗುತ್ತದೆ, ಅದನ್ನೂ ಹೊಡೆದು ಮಣಿಸಬೇಕಾಗುತ್ತದೆ. ಬಾಗಿಲು ಶತ್ರುವಾದ ಆ ಕ್ಷಣ ನನ್ನನ್ನು ಬೆಚ್ಚಿಬೀಳಿಸಿತ್ತು. ಅಷ್ಟೊಂದು ಸಲ ಬರ್ಡೊಳ ಕೋಣೆಯಿಂದ ಅದೇ ಬಾಗಿಲಿನ ಮೂಲಕ ನಿಶ್ಚಿಂತೆಯಿಂದ ಹೊರಬಿದ್ದಿರದಿದ್ದರೆ ಆ ಪೆಟ್ಟು ತಾಗುತ್ತಿರಲಿಲ್ಲ.

ಕೋಟೆಬಾಗಿಲು:

ಈ ಉದಾಹರಣೆಯ ಮುಂದೆ ನನ್ನಲ್ಲಿ ಪ್ರತಿವಾದವಿಲ್ಲ. 4-3 ಮತ್ತು 7-2 ಎರಡರಲ್ಲೂ ಮಿನಿ ಬಾಸ್‌ನ ರೂಢಿಯನ್ನೇ ಬಳಸಿಕೊಂಡು ಹೊಸದನ್ನು ಕಟ್ಟಿದ್ದಾರೆ. ನಕಾಶೆಯ ಮೇಲೆ ಉಳಿಯುವ ಗುರುತಿನ ವಿಷಯದಲ್ಲಿ ಬೂಮ್ ಬೂಮ್ ಮೇಲು ಎಂಬ ನನ್ನ ಮಾತು ಮಾತ್ರ ಹಾಗೆಯೇ ಇರುತ್ತದೆ.

ಎಂಟುಬಿಟ್ ಎಂಜಿನಿಯರ್:

ಜಾಗದ ಮಿತಿ ಹೋದ ಮೇಲೆ ಬರ್ಡೊಳನ್ನು ಏನು ಮಾಡಿದರು ಎಂಬುದಕ್ಕೂ ಉತ್ತರವಿದೆ. 2001ರಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರದ ಜೊತೆಗೇ ಬಂದ ಸೂಪರ್ ಮಾರಿಯೊ ಅಡ್ವಾನ್ಸ್ ಇದೇ ಆಟದ ಹೊಸ ರೂಪ. ಅದರಲ್ಲಿ ಮೂರನೆಯ ವರ್ಲ್ಡಿನ ಕೊನೆಯಲ್ಲಿ ಎರಡನೆಯ ಸಲ ಬರುತ್ತಿದ್ದ ಮೌಸರ್‌ನನ್ನು ತೆಗೆದು, ರೋಬರ್ಡೊ ಎಂಬ ಭಾರಿ ಗಾತ್ರದ ಯಂತ್ರ ಬರ್ಡೊಳನ್ನು ಬಾಸ್ ಆಗಿ ಇಟ್ಟರು. ಲೆವೆಲ್‌ಗಳ ಕೊನೆಯಲ್ಲಿ ಬರುವ ಬರ್ಡೊಳನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ಹೊಸ ಯಂತ್ರದಲ್ಲಿ ಬೇರೆ ಮಿನಿ ಬಾಸ್‌ಗಳನ್ನು ಸೇರಿಸಲು ಜಾಗದ ಅಡ್ಡಿ ಇರಲಿಲ್ಲ, ಆದರೂ ಸೇರಿಸಲಿಲ್ಲ. ಮಿತಿಯ ಬಗ್ಗೆ ಮೇಲೆ ನಾನು ಬರೆದದ್ದರ ಜೊತೆಗೆ ಇದನ್ನೂ ಇಟ್ಟು ನೋಡಬೇಕು.

ಅಚ್ಚುಮೊಳೆ:

ಎರಡು ಸಲಕ್ಕಿಂತ ಹೆಚ್ಚು ಬೆಂಕಿ ಬರಬಾರದೆಂಬ ನಿಯಮವನ್ನು ಹಾಕಿ, ಆಟಗಾರನಿಗೆ 2 ಪ್ರಾಣಾಂಶ, ಮಿನಿ ಬಾಸ್‌ಗೆ 3 ಏಟು ಇಟ್ಟು ಮೊದಲ ಕೋಣೆಯನ್ನು ಮಾಡತೊಡಗಿದ್ದೇನೆ. ನೆಲವನ್ನು ಮೊದಲ ಕೋಣೆಯಲ್ಲಿ ಸಮತಟ್ಟಾಗಿಯೇ ಇಟ್ಟು, ಎರಡನೆಯದರಲ್ಲಿ ಬೆನ್ನ ಹಿಂದೆ ಗುಂಡಿ ಕೊಡುತ್ತೇನೆ. ಆಡುವಷ್ಟು ಸಿದ್ಧವಾದ ಕೂಡಲೇ ಇಲ್ಲಿಯೇ ಹಾಕುತ್ತೇನೆ, ದಯವಿಟ್ಟು ಎಲ್ಲರೂ ಆಡಿ ನೋಡಿ. ಕೋಟೆಬಾಗಿಲು ಅವರು ಮೊದಲು ಆಡಬೇಕೆಂದು ನನ್ನ ಆಸೆ.

ಕೋಟೆಬಾಗಿಲು:

ಖಂಡಿತ ಆಡುತ್ತೇನೆ. ಗೆದ್ದ ಮೇಲೆ ನಕಾಶೆಯಲ್ಲಿ ಒಂದು ಬೀಗ ಒಡೆಯುವಂತೆ ಮಾಡಿ.